ಒಂದು ಸಾಲು ದ್ರಾಕ್ಷಿಗೆ ಮಾತ್ರ

ಕಂಬಂ, ಮಂಗಳವಾರ

ಅಕ್ಕಾ,

ಗಂಟಲು ನೋವು ವಾಸಿಯಾಗಿದೆ, ಚಿಂತೆ ಬೇಡ. ದ್ರಾಕ್ಷಿಗೆ ತಾನಾಗಿಯೇ ನೀರು ಬಿಟ್ಟು ನಿಲ್ಲಿಸುವ ನನ್ನ ಪ್ರೋಗ್ರಾಂ ಜೋಡಿಸಲು ಬಂದೆನಲ್ಲ, ತೋಟದ ಒಡತಿ ಮುನಿಯಮ್ಮಾಳ್ ಈ ತಮಿಳು ಸೀಮೆಯಲ್ಲಿ "ಒಳಕ್ಕೆ ಬಾ ಕಣ್ಣೂ" ಎಂದು ಕನ್ನಡದಲ್ಲೇ ಕರೆದಾಗ ಬೆರಗಾದೆ. ತಲೆತಲಾಂತರದಿಂದ ಅವರ ಮನೆಮಾತು ಕನ್ನಡವಂತೆ.

ಒಂದೇ ದಿನಕ್ಕೆ ಇಡೀ ತೋಟಕ್ಕೆ ಜೋಡಿಸಿಬಿಡು ಎಂದು ನಮ್ಮ ಆಫೀಸಿನ ಮ್ಯಾನೇಜರ್ ಫೋನಿನಲ್ಲಿ ಅವಸರ ಮಾಡಿದರು. ನಾನು ಒಪ್ಪದೆ, ನಿನ್ನೆ ಒಂದೇ ಸಾಲಿಗೆ ಹಾಕಿದೆ. ಒಳ್ಳೆಯದೇ ಆಯಿತು. ನಡುವೆ ಕರೆಂಟ್ ಹೋಗಿ ಬಂತು, ಪಂಪು ಮತ್ತೆ ಶುರುವಾಯಿತು, ನನ್ನ ಪ್ರೋಗ್ರಾಂ ಮಾತ್ರ ಹೊತ್ತು ಮರೆತು ನೀರು ನಿಲ್ಲಿಸಲೇ ಇಲ್ಲ. ಕೊಯ್ಲಿಗೆ ನಾಲ್ಕೇ ದಿನವಿತ್ತು. "ನೀರು ಜಾಸ್ತಿಯಾದ್ರೆ ಹಣ್ಣು ಒಡೆದೋಗ್ತದೆ!" ಎನ್ನುತ್ತ ಮುನಿಯಮ್ಮಾಳ್ ಓಡಿಹೋಗಿ ಕೈಯಿಂದಲೇ ವಾಲ್ವ್ ಮುಚ್ಚಿದರು.

ತಪ್ಪು ನನ್ನದೇ ಎಂದು ಅವರಿಗೂ ಆಫೀಸಿಗೂ ಹೇಳಿದೆ. ಇವತ್ತು ಬೆಳಿಗ್ಗೆ ಸರಿಪಡಿಸಿದೆ. ಆದರೆ ಅವರು ನನ್ನ ಬಾಯಿಮಾತು ನಂಬಲಿಲ್ಲ. ತಾವೇ ಮೇನ್ ಸ್ವಿಚ್ಚಿನ ಹತ್ತಿರ ನಿಂತು ಹತ್ತು ಸಲ ಕರೆಂಟ್ ತೆಗೆದು ಹಾಕಿದರು. ಹತ್ತೂ ಸಲ ಹೇಳಿದ ಹೊತ್ತಿಗೆ ನೀರು ನಿಂತಿತು. ನನ್ನ ಸಂತೋಷ ಕೇಳಬೇಡ! ಅವರು ಸೆರಗಿಗೆ ಕೈ ಒರೆಸಿಕೊಂಡು, "ಇನ್ನ ಎಲ್ಲಾ ಸಾಲ್ಗೂ ಹಾಕು ತಾಯಿ. ನಾನ್ ಪೋಯಿ ಉಂಡ್ಕಂಡು ಬತ್ತೀನಿ" ಎಂದವರೇ ಹಿಂದಿರುಗಿ ನೋಡದೆ ಮನೆಗೆ ನಡೆದರು.

ಇನ್ನೂ ಮೂವತ್ತು ಸಾಲು ಬಾಕಿಯಿದೆ, ಹೊರಟೆ.

ಸಂಪದಾ