ಅಜ್ಜಿ ಹೇಳದ ಹೆಸರು

ಹೊನವಾಡ, 10 ಆಗಸ್ಟ್ 1972

ಸಕಲ ರಹಸ್ಯಗಳ ಒಡೆಯನಾದ ದಿನಚರಿ ಮಹಾಪ್ರಭುವೇ, ಬಹುಪರಾಕ್!

ಸಾಕಾಗಿಹೋಯಿತು. ನಾಳೆ ವಿಜಾಪುರಕ್ಕೆ ಒಯ್ಯಬೇಕಾದ, ಸ್ವಾತಂತ್ರ್ಯ ಹೋರಾಟಗಾರರ ಸನ್ಮಾನಕ್ಕೆ ಅಜ್ಜಿಯ ಪರವಾಗಿ ನಾನು ತುಂಬುತ್ತಿರುವ ಅರ್ಜಿಯಲ್ಲಿ ಒಂದೇ ಸಾಲು ಖಾಲಿ: ಗಂಡನ ಹೆಸರು. ನಲವತ್ತೆರಡರಲ್ಲಿ ಟೆಲಿಗ್ರಾಫ್ ತಂತಿ ಕತ್ತರಿಸಿ ಸಿಕ್ಕಿಬಿದ್ದಾಗಲೂ ಅಜ್ಜಿ ಅದನ್ನು ಹೇಳಲಿಲ್ಲವಂತೆ. ಯಾರೋ ದೊಡ್ಡ ನಾಯಕನನ್ನು ಬಚ್ಚಿಡುತ್ತಿದ್ದಾಳೆಂದು ಪೊಲೀಸರು ಎಂಟು ದಿನ ಹೆಚ್ಚಿಗೆ ಕೂಡಿಹಾಕಿದರು.

"ಈಗ ಇಂಗ್ರೇಜರು ಹೋಗ್ಯಾರ, ಹೇಳ ಬೇ ಆಯಿ!"

"ಅವರು ಹೋದ್ರ ಏನಾತು? ಗಂಡನ ಹೆಸರ ಬಾಯಿಲೇ ಹೇಳಾಕ ಬರ್ತೈತೇನ್ಲೇ, ಮಂಗ್ಯಾ?"

ನಾನು ಆಮರಣ ಉಪವಾಸ ಸಾರಿದೆ. ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಬಂದವು, ಚಳವಳಿ ಮುಗಿಯಿತು.

ನಿಜ ಹೇಳಲೇ? ಅಜ್ಜನ ಹೆಸರನ್ನೇ ನನಗೂ ಇಟ್ಟಿದ್ದಾರೆ. ಆಗಲೇ ಬರೆದುಬಿಡಬಹುದಿತ್ತು. ಅಜ್ಜಿಯ ಬಾಯಲ್ಲಿ ಒಮ್ಮೆಯಾದರೂ 'ಅಮೋಘಿ' ಅನ್ನಿಸಿಕೊಳ್ಳುವ ಆಸೆಯಿತ್ತು. ಹುಟ್ಟಿದಾಗಿನಿಂದ ಅವಳಿಗೆ ನಾನು ಬರೀ ಮಂಗ್ಯಾ.