ನರಸಿಂಗ ಕಾಕಾರ ಹೆಗಲು

ಬೀದರ, ಭಾನುವಾರ

ಪ್ರೀತಿಯ ಅಕ್ಕ,

ಇಲ್ಲಿನ ಚಳಿಗೆ ತುಟಿ ಒಡೆದಿದೆ, ಅದು ಬಿಟ್ಟರೆ ಆರಾಮ. ಇವತ್ತು ನಮ್ಮ ಮನೆ ಮಾಲೀಕರಾದ ನರಸಿಂಗ ಕಾಕಾ, ಜಿಜಾಬಾಯಿ ಕಾಕು ನನ್ನನ್ನು ಭಾಲ್ಕಿ ಕಡೆಯ ಕಾರಂಜಾ ಹಿನ್ನೀರಿಗೆ ಕರೆದೊಯ್ದಿದ್ದರು. ದೂರದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಇಳಿದಿದ್ದವು.

ಕಾಕುಗೂ ನಿನ್ನ ಹಾಗೇ ಕೈ ನಡುಕ. ಆದರೂ ದುರ್ಬೀನು ಬಿಟ್ಟಿಲ್ಲ! ಕಾಕಾ ದಂಡೆಯಲ್ಲಿ ಕೂತು ಹೆಗಲ ಮೇಲೆ ಟವೆಲ್ ಮಡಚಿಟ್ಟುಕೊಂಡರು. ಕಾಕು ಹಿಂದೆ ಕೂತು ಅದರ ಮೇಲೆ ದುರ್ಬೀನು ಊರಿ, "ಉಸರ ಹಿಡೀರಿ" ಎಂದರು. ಕಾಕಾ ಕಲ್ಲಾದರು.

ಅವರು ಉಸಿರು ಬಿಟ್ಟ ಮೇಲೆ, "ನೀವು ದುರ್ಬೀನಿನಲ್ಲಿ ನೋಡಲ್ವಾ ಕಾಕಾ?" ಅಂದೆ.

"ನಾ ಹೊಳ್ಳಿದ್ರ ಹೆಗಲ ಅಲಗಾಡ್ತದ ತಂಗಿ. ಆಕಿ ಬೈತಾಳ" ಎಂದರು, ತಲೆ ತಿರುಗಿಸದೆ.

ಆಮೇಲೆ ನಾನೂ ಆ ಹೆಗಲ ಮೇಲಿಂದ ನೋಡಿದೆ. ಹೆಬ್ಬಾತಿನ ತಲೆಯ ಎರಡು ಕಪ್ಪು ಪಟ್ಟೆಗಳು ಬರೆದಿಟ್ಟ ಹಾಗೆ ಕಂಡವು. ನಡುಕವಿಲ್ಲದ ನನ್ನ ಕೈಯಲ್ಲಿ ಎಂದೂ ಹಾಗೆ ಕಂಡಿರಲಿಲ್ಲ.

ಕಾರ್ಡಿನಲ್ಲಿ ಜಾಗ ಮುಗಿಯಿತು. ನಿನ್ನ ದುರ್ಬೀನನ್ನು ಯಾರಿಗೂ ಕೊಟ್ಟುಬಿಡಬೇಡ. ಸಂಕ್ರಾಂತಿಗೆ ಬರುತ್ತೇನೆ. ಕೆರೆ ದಂಡೆಯಲ್ಲಿ ನಾನು ಮುಂದೆ ಕೂರುತ್ತೇನೆ, ಅಲುಗಾಡಿದರೆ ಬೈ.

ನಿನ್ನ ತಂಗಿ,
ವಾರಿಜ