ನಿಮ್ಮಪ್ಪ ಕೆರೆಗೆ ಇಳಿದದ್ದು ಟಗರಿಗಾಗಿ

ಬಾಗೂರು
೮-೧೧-೧೯೭೬

ಹೊಳಲ್ಕೆರೇಲಿರೋ ಮಗಳು ಏಕಾಂತಿಗೆ ನಿಮ್ಮವ್ವನ ಆಶೀರ್ವಾದ. ಅಕ್ಷರ ತಪ್ಪಿದ್ದರೆ ಕೂಡಿಸಿ ಓದಿಕೋ.

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ನೀನು ತುಂಬಿದ ಬಸುರಿ, ನಮ್ಮ ಬಾಗಿಲಾಚೆ ನಿಂತಿದ್ದೆ. ಅಗುಳಿ ಎಷ್ಟು ಎಳೆದರೂ ಬರಲಿಲ್ಲ. ಎದ್ದವಳೇ ಈ ಕಾಗದ ಬರೆಯಕ್ಕೆ ಕುಂತೆ. "ಬೀಗರು ಕಿಲಸ್ತಾನರಾದರು, ಆ ಓದು ನಿಲ್ಲೋವರೆಗೂ ಸೊಸೇನ ಹೆರಿಗೆಗೆ ಕಳಿಸಲ್ಲ" ಅಂದರಂತೆ ನಿಮ್ಮತ್ತೆ ದುರುಗಕ್ಕ. ನಿಜವೇನವ್ವಾ?

ನಡೆದದ್ದು ಕೇಳು. ನಿನ್ನ ಮದುವೆ ಆದಮೇಲೆ ನಿಮ್ಮಪ್ಪ ಹೊಸದುರ್ಗದ ಸಂತೇಲಿ ಯೇಸುಸ್ವಾಮಿ ಪುಸ್ತಕ ಒಂದು ತಂದರು. ಭಾನುವಾರ ಸಾಯಂಕಾಲ ಜಗಲಿ ಮೇಲೆ ಓದ್ತಾರೆ. ನಾಕು ಮನೆಯವರು ಬರ್ತಾರೆ, ತಾಳ ಹಾಕಿ ಹಾಡ್ತೀವಿ, ಮಂಡಕ್ಕಿ ಬೆಲ್ಲ ಹಂಚ್ತೀವಿ. ಅಷ್ಟೇ. ನನ್ನ ಕುಂಕುಮ ಹಣೆ ಮೇಲೇ ಐತೆ. ಇದನ್ನ ಕೇಳಿ ಚಿತ್ರದುರ್ಗದಿಂದ ಪಾದ್ರಿ ಒಬ್ಬರು ಬಂದರು. ಇದು ಸಭೆಯಲ್ಲ, ಬರೀ ಭಜನೆ, ಚರ್ಚಿಗೆ ಬಂದು ನೀರಲ್ಲಿ ಮುಳುಗಿ ದೀಕ್ಷಾಸ್ನಾನ ತಗೊಳ್ಳಿ, ಆಗಲೇ ಕಿಲಸ್ತಾನರಾಗೋದು ಅಂದರು. "ಭಜನೇನೇ ಸ್ವಾಮಿ, ಕುಂತ್ಕಳ್ರಿ, ನೀವೂ ತಾಳ ಹಾಕ್ರಿ" ಅಂದರು ನಿಮ್ಮಪ್ಪ.

ಅವರನ್ನ ಬಸ್ಸಿಗೆ ಬಿಡಕ್ಕೆ ಕೆರೆ ಏರಿ ಮೇಲೆ ಹೋಗುವಾಗ, ಹಿಂದೇನೇ ಬರ್ತಿದ್ದ ನಮ್ಮ ಟಗರು ಜಾರಿ ನೀರಿಗೆ ಬಿತ್ತು. ನಿಮ್ಮಪ್ಪ ತಲೆ ಮುಳುಗೋಷ್ಟು ಇಳಿದು ಎತ್ತಿದರು. ಪಾದ್ರಿ ದಡದಲ್ಲಿ ಕೈ ಚಾಚಿಕೊಂಡು ದೇವರೇ ದೇವರೇ ಅಂತಿದ್ದರಂತೆ. ಅದನ್ನ ನಮ್ಮೂರ ಉಗ್ರಪ್ಪ ಕಂಡ. "ಓಬಳೇಶಣ್ಣನ್ನ ಮುಳುಗಿಸಿ ಜಾತಿಗೆ ಸೇರಿಸಿಕೊಂಡರು ಕಣ್ರಲೇ, ಟಗರನ್ನೂ ಬಿಡಲಿಲ್ಲ" ಅಂತ ಹೋಟ್ಲಲ್ಲಿ ಕುಂತು ನಕ್ಕ. ಆ ಮಾತೇ ನಿಮ್ಮೂರಿಗೆ ಬಂದಿರೋದು. ಸ್ನಾನ ಆಗಿಲ್ಲ ಅಂತ ಬೀಗರಿಗೆ ಒಂದು ಮಾತು ಹೇಳ್ರಿ ಅಂತ ಪಾದ್ರಿಗೇ ಹೇಳಿಕಳಿಸಿದೆ. "ಆಗಿಲ್ಲ ಅನ್ನೋದೇ ನನ್ನ ದುಃಖ, ಅದನ್ನ ಹೆಂಗೆ ಸಾರಲಮ್ಮ" ಅಂದರಂತೆ. ನಾವು ಪಾದ್ರಿಗೂ ಬೇಡ, ಬೀಗರಿಗೂ ಬೇಡ. ಸಾಕಾಗೈತೆ ಮಗಳೇ.

ಮೊಮ್ಮಗು ಬೇಡ್ವಾ ಅಂತ ನಿಮ್ಮಪ್ಪನ್ನ ಕೇಳಿದೆ. ಪುಸ್ತಕ ಟವೆಲಲ್ಲಿ ಸುತ್ತಿ ಎತ್ತಿಟ್ಟರು. ಹೋದ ಭಾನುವಾರ ನಮ್ಮ ಜಗಲಿ ಮೇಲೆ ಒಂದು ಜೀವ ಇರಲಿಲ್ಲ. ಹಂಗಂತ ನಿಮ್ಮತ್ತೆಗೆ ಹೇಳು.

ನಿನ್ನ ಯೋಚನೇಲೇ ಸವೆದಿರೋ
ಅವ್ವ, ಮಲ್ಲಕ್ಕ

ತಾ.ಕ.: ಇಲ್ಲಿಂದ ಕೆಳಗಿನದನ್ನ ಅತ್ತೆ ಮುಂದೆ ಓದಬೇಡ. ಜಗಲಿ ಖಾಲಿ ಇದ್ದದ್ದು ನಿಜ. ಟವೆಲಲ್ಲಿ ಸುತ್ತಿದ ಪುಸ್ತಕದ ಸಮೇತ ಎಲ್ಲರನ್ನೂ ಊರಾಚೆ ಕುರಿ ರೊಪ್ಪಕ್ಕೆ ಕರಕೊಂಡು ಹೋದವಳು ನಾನೇ. ನಿನ್ನ ಹೆರಿಗೆ ಸುಸೂತ್ರ ಆಗಲಿ ಅಂತ ಇನ್ಯಾರ ಹತ್ರ ಕೇಳಲಿ? ನೀನು ಇನ್ನೊಂದು ಸಲ ವಿಚಾರಿಸಿ ನೋಡು. ನಿಮ್ಮತ್ತೆ "ಮನೇಲಿ ಓದಬಾರದು" ಅಂದರಾ, "ಎಲ್ಲೂ ಓದಬಾರದು" ಅಂದರಾ? ಸರಿಯಾಗಿ ಕೇಳಿಕೊಂಡು ಬರಿ.